ಕಲ್ಲು ದೊರೆಯುವ ಸ್ಥಳವನ್ನು ಹೇಳಬಹುದೆ?

ಕೋಶವನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಒಂದು ದೋಷವು ಅಂಟಿಕೊಂಡಿರುವುದುಂಟು. ಪದಕ್ಕೆ ಪ್ರತಿಯಾಗಿ ಮತ್ತೊಂದು ಪದವನ್ನು ಹೇಳಿದೊಡನೆ ಪದಾರ್ಥವೇ ಕೈಗೆ ಸಿಕ್ಕಿತೆಂದು ಅವರು ಭಾವಿಸುವರು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಹಾಸನದ ಸೀಮೆಯ ಒಂದು ಹೈಸ್ಕೂಲಿನಲ್ಲಿ ಪಂಡಿತನಾಗಿ ಸೇರಿದ ನಾನು ಈ ದೋಷವನ್ನು ಬಹುಕಾಲ ಗುಣವೆಂದೇ ಎಣಿಸಿಕೊಂಡಿದ್ದೆನು. 1992ರಲ್ಲಿ ಒಂದು ದಿನ ಪಾಠದ ನಡುವೆ ‘ಕುರುವಿಂದ’ ಎಂಬ ಶಬ್ದವು ಬಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಅದರ ಅರ್ಥವನ್ನು ಕೇಳಿದನು. ಅಮರಕೋಶದಲ್ಲಿ ಅದು ಮುಸ್ತೆಯ ಪರ್ಯಾಯನಾಮವೆಂದೂ, ಮುಸ್ತೆಯೆಂದರೆ ಹೊಲದ ಬದುಗಳಲ್ಲಿ ಬೆಳೆಯುವ ಕೊನ್ನಾರಿಯೆಂದೂ, ಪದ್ಮರಾಗಕ್ಕೂ ಆ ಹೆಸರುಂಟೆಂದೂ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಶ್ಲೋಕಕ್ಕೆ ಹೋದೆನು.

ಮರುದಿನ ಬೆಳಗ್ಗೆ ಆ ಹುಡುಗನು ನನ್ನ ಮೇಜಿನ ಮೇಲೆ ಒಂದು ಕಲ್ಲನ್ನು ತಂದಿಟ್ಟನು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮಣ್ಣುಹಿಡಿದ ನೇರಿಳೆಯ ಬಣ್ಣ, ಆರು ಮುಖ, ನಡುವೆ ಉಬ್ಬಿ ಎರಡು ತುದಿಗಳಲ್ಲಿಯೂ ಸಪೂರವಾದ ಪೀಪಾಯಿಯ ಆಕಾರ. “ನಮ್ಮನೇಲಿ ಇದುನ್ನ ಕುರಂದದ ಕಲ್ಲು ಅಂತಾರೆ ಸಾರ್. ಇದ್ರಲ್ಲೇ ಕುಡುಗೋಲು ಮಸೆಯೋದು” ಎಂದನು. ನಾನು ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತೆನು. ಹನ್ನೆರಡು ವರ್ಷ ಓದಿದವನಿಗೆ ಹುಲ್ಲಾಗಿ ಕಂಡದ್ದು ಅಕ್ಷರವರಿಯದ ಆತನ ತಂದೆಗೆ ಕಲ್ಲಾಗಿಯೇ ಗೊತ್ತಿತ್ತು. ಇಂಗ್ಲಿಷರು ‘ಕೊರಂಡಮ್’ ಎಂದು ಕರೆಯುವುದು ನಮ್ಮ ದೇಶದ ಈ ಮಾತನ್ನೇ ಎಂಬುದನ್ನು ನಾನು ಆಮೇಲೆ ತಿಳಿದೆನು. ಕೋಶವೇನೂ ಸುಳ್ಳು ಹೇಳಿರಲಿಲ್ಲ. ಕುಡುಗೋಲು ಮಸೆಯುವ ಈ ಕಲ್ಲೂ, ಅರಸರ ಕಿರೀಟಕ್ಕೆ ಏರುವ ಪದ್ಮರಾಗವೂ ಒಂದೇ ವಸ್ತು, ಅಲ್ಯೂಮಿನಿಯಮಿನ ಆಕ್ಸೈಡು. ಅದರಲ್ಲಿ ಕ್ರೋಮಿಯಮ್ ಲೇಶಮಾತ್ರ ಸೇರಿ, ಮೈ ತಿಳಿಯಾಗಿದ್ದರೆ ಮಾಣಿಕ್ಯ. ಇಲ್ಲದಿದ್ದರೆ ಸಾಣೆಯವನ ಅರಗಿನ ಚಕ್ರಕ್ಕೆ ಪುಡಿ. ಕೋಶವು ಹೇಳಿದ್ದು ನಿಜ. ಹೇಳಿದ ನನಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಅಂದಿನಿಂದ ಕಲ್ಲು ಹೆಕ್ಕುವ ಹುಚ್ಚು ನನಗೆ ಹಿಡಿಯಿತು. ಈ ಹುಚ್ಚಿನಿಂದ ನಾನು ಪಡೆದ ಸುಖವನ್ನೂ, ಅದರಿಂದಲೇ ನಾನು ಮಾಡಿದ ಒಂದು ತಪ್ಪನ್ನೂ, ಆ ತಪ್ಪು ನನ್ನಲ್ಲಿ ಎಬ್ಬಿಸಿದ ಧರ್ಮಸಂದೇಹವನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆನು. ಸಂದೇಹವು ಇಷ್ಟು: ಒಳ್ಳೆಯ ಕಲ್ಲು ಇಂಥ ಕಡೆ ದೊರೆಯುವುದೆಂದು ಒಬ್ಬರು ನಮಗೆ ತೋರಿಸಿಕೊಟ್ಟ ಮೇಲೆ, ಆ ಸ್ಥಳವನ್ನು ನಾವು ಮತ್ತೊಬ್ಬರಿಗೆ ಹೇಳಬಹುದೆ?

ಮೊದಲು ಸುಖದ ಮಾತು. ಹಾಸನದ ಜಿಲ್ಲೆಯು ಗುಡಿಗಳಿಗೆ ಹೆಸರಾಗಿದೆ. ಆ ಗುಡಿಗಳ ತಾಯಿಯಾದ ಕಲ್ಲನ್ನು ವಿಚಾರಿಸುವವರು ಕಡಮೆ. 1117ರಲ್ಲಿ ಬೇಲೂರಿನ ಗುಡಿಯನ್ನು ಪ್ರತಿಷ್ಠಿಸಿದ ಹೊಯ್ಸಳರ ಶಿಲ್ಪಿಗಳು ಕೈಗೆತ್ತಿಕೊಂಡದ್ದು ಬಳಪದ ಕಲ್ಲಿನ ಜಾತಿಗೆ ಸೇರಿದ ಮೆದುಶಿಲೆ. ಉಗುರಿನಿಂದ ಕೆರೆದರೂ ಗೀರು ಬೀಳುವ ಅಪ್ಪಟ ಬಳಪವನ್ನು ಖನಿಜಗಳ ಗಡಸುತನದ ಲೆಕ್ಕದಲ್ಲಿ ಒಂದನೆಯ ಮೆಟ್ಟಿಲಿನಲ್ಲಿ ಇಟ್ಟಿದ್ದಾರೆ. 1812ರಲ್ಲಿ ಮೋಸ್ ಎಂಬ ಜರ್ಮನ್ ಪಂಡಿತನು ಏರ್ಪಡಿಸಿದ ಹತ್ತು ಮೆಟ್ಟಿಲಿನ ಲೆಕ್ಕವದು. ಹತ್ತನೆಯದು ವಜ್ರ, ಒಂಬತ್ತನೆಯದು ನಮ್ಮ ಕುರುವಿಂದ. ಹೀಗೆ ಒಂದನೆಯದೂ ಒಂಬತ್ತನೆಯದೂ ಒಂದೇ ಜಿಲ್ಲೆಯ ಮಣ್ಣಿನಲ್ಲಿವೆ. ಮಗುವು ಸ್ಲೇಟಿನ ಮೇಲೆ ತೀಡುವ ಬಳಪದಿಂದ ಕುಡುಗೋಲು ಮಸೆಯುವ ಕಲ್ಲಿನ ವರೆಗೆ ಎಲ್ಲವನ್ನೂ ನಡೆದುಹೋಗಿ ನೋಡಬಹುದು. ಗೊರೂರಿನ ಸುತ್ತಲಿನ ಪಟ್ಟೆಪಟ್ಟೆಯ ಬಂಡೆಯ ವಯಸ್ಸನ್ನು ಪರೀಕ್ಷಿಸಿದವರು ಸುಮಾರು 330 ಕೋಟಿ ವರ್ಷವೆಂದಿದ್ದಾರೆ. ಆ ಊರಿನ ಹೆಸರನ್ನು ಹೊತ್ತ ರಾಮಸ್ವಾಮಿ ಅಯ್ಯಂಗಾರರ ಹಾಸ್ಯವನ್ನು ಓದಿ ನಕ್ಕವರಲ್ಲಿ, ಹೇಮಾವತಿಯಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಅಷ್ಟು ವಯಸ್ಸೆಂದು ಯೋಚಿಸಿದವರು ಎಷ್ಟು ಮಂದಿ ಇದ್ದಾರು!

ಕಲ್ಲು ಹುಡುಕುವುದೆಂದರೆ ಬೆಟ್ಟ ಹತ್ತುವುದೆಂದು ಮೊದಲು ನಾನು ತಿಳಿದಿದ್ದೆನು. ಎರಡು ವರ್ಷ ಬೆಟ್ಟಗಳನ್ನು ಹತ್ತಿ ಇಳಿದು ಮೊಣಕಾಲು ನೋಯಿಸಿಕೊಂಡದ್ದೇ ಲಾಭ. ಮಳೆ ಬಿಸಿಲುಗಳಿಗೆ ಸಾವಿರಾರು ವರ್ಷ ಮೈಯೊಡ್ಡಿದ ಬಂಡೆಯ ಮುಖವು ಹಾವಸೆ ಕಟ್ಟಿ ಕರಿದಾಗಿರುವುದು. ಒಳಗಣದನ್ನು ಅದು ತೋರಿಸದು. ಭೂಮಿಯನ್ನು ಬೇರೊಬ್ಬರು ಬೇರೊಂದು ಕಾರಣಕ್ಕಾಗಿ ಬಗೆದಿರುವ ಕಡೆಗೆ ಹೋಗಬೇಕು. ಹೊಸ ಬಾವಿಯ ದಂಡೆಯಲ್ಲಿ ಸುರಿದ ಮಣ್ಣು, ರಸ್ತೆಗಾಗಿ ಕಡಿದ ದಿಣ್ಣೆಯ ಪಕ್ಕ, ನಾಲೆ ತೋಡಿದಾಗ ಇಬ್ಬದಿಗೆ ಒಟ್ಟಿದ ಗುಡ್ಡೆ, ಕಲ್ಲುಗಣಿಯಲ್ಲಿ ಬೇಡವೆಂದು ಎಸೆದ ಚೂರು, ಇವು ನನಗೆ ಬೆಟ್ಟಗಳಿಗಿಂತ ಹೆಚ್ಚು ಕೊಟ್ಟಿವೆ. ಇನ್ನು ಉತ್ತ ಹೊಲ. ಭರಣಿಯ ಮಳೆ ಒಂದೆರಡು ಬಿದ್ದು, ನೇಗಿಲು ಹೊಡೆದು, ಬಿತ್ತನೆ ಇನ್ನೂ ಆಗದಿರುವ ಹತ್ತು ಹದಿನೈದು ದಿನಗಳೇ ಶ್ರೇಷ್ಠ ಕಾಲ. ಅದರಲ್ಲಿಯೂ ಹೊತ್ತು ಏರುವುದಕ್ಕೆ ಮುಂಚೆ, ಇಲ್ಲವೇ ಇಳಿಯುವಾಗ, ಸೂರ್ಯನಿಗೆ ಮುಖಮಾಡಿ ನಡೆಯಬೇಕು. ಮಣ್ಣೆಲ್ಲ ಕಾಗೆಬಂಗಾರದಿಂದ ಮಿನುಗಿದರೆ ಅಲ್ಲಿ ನಿಲ್ಲಬೇಕು. ಅಂಥ ನೆಲದಲ್ಲಿ ಹೊಳೆನರಸೀಪುರದ ಸೀಮೆಯ ಪದರಗಲ್ಲುಗಳು ಕರಗಿ, ಕಡಲೆಕಾಳಿನಿಂದ ಅಡಿಕೆಯ ಗಾತ್ರದವರೆಗಿನ ಕೆಂಗಪ್ಪು ಗಾರ್ನೆಟ್ ಮಣಿಗಳು ಹೊರಬಿದ್ದಿರುವುದುಂಟು. ಕೆಲವೆಡೆ ಕಯನೈಟ್ ಎಂಬ ತಿಳಿನೀಲಿಯ ಚಪ್ಪಟೆ ಅಲಗುಗಳೂ ಸಿಕ್ಕುವುವು. ಈ ಕಯನೈಟಿನದು ಒಂದು ವಿಚಿತ್ರ ಸ್ವಭಾವ: ಚಾಕುವಿನ ಮೊನೆಯಿಂದ ಉದ್ದಕ್ಕೆ ಎಳೆದರೆ ಗೀರು ಬೀಳುವುದು, ಅಡ್ಡಕ್ಕೆ ಎಳೆದರೆ ಬೀಳದು. ಒಂದೇ ದೇಹದಲ್ಲಿ ಮೆತ್ತನೆಯೂ ಗಡಸೂ ದಿಕ್ಕನ್ನು ಅನುಸರಿಸಿ ಇರುವುದನ್ನು ಕಂಡು, ಹುಡುಗರು ಗಂಟೆ ಹೊಡೆದರೂ ಏಳುತ್ತಿರಲಿಲ್ಲ.

ಆದರೆ ಕಾಲವನ್ನೂ ಬೆಳಕನ್ನೂ ಬಲ್ಲವನಿಗಿಂತ ಜನರನ್ನು ಕೇಳಬಲ್ಲವನೇ ಹೆಚ್ಚು ಪಡೆಯುವನು. ಬಾವಿ ತೋಡುವವನಿಗೆ ಎಷ್ಟು ಆಳಕ್ಕೆ ಯಾವ ಕಲ್ಲೆಂಬುದು ಗೊತ್ತು. ಕುರಿ ಕಾಯುವವನಿಗೆ ಹಳ್ಳದ ತಿರುವುಗಳೆಲ್ಲ ಗೊತ್ತು. ಇವರಿಬ್ಬರಿಗಿಂತಲೂ ಹೆಚ್ಚು ಬಲ್ಲವರು ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಹೆಂಗಸರು. ವರ್ಷಕ್ಕೆ ಎರಡು ಸಲ ಅಂಗೈಯಗಲದ ನೆಲವನ್ನೂ ಬಿಡದೆ ನೋಡುವವರು ಅವರಲ್ಲದೆ ಮತ್ತಾರು?

ಅಂಥ ಒಬ್ಬ ಅಜ್ಜಿಯನ್ನು ನಾನು 1995ರಲ್ಲಿ ಕಂಡೆನು. ಆಕೆಯ ಊರು ನಮ್ಮ ಶಾಲೆಗೆ ಎರಡು ಹರದಾರಿ ದೂರ. ಗಂಡನು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇಳಿಜಾರಿನ ಒಂದೂವರೆ ಎಕರೆ ರಾಗಿಯ ಹೊಲ, ಎರಡು ಹಸು, ದೂರದ ಊರಿನಲ್ಲಿ ಕೂಲಿಗೆ ಹೋದ ಮಗ, ಇಷ್ಟು ಆಕೆಯ ಸಂಸಾರ. ಬದುವಿನ ಮೇಲೆ ಕಲ್ಲಿನ ಸಣ್ಣ ಗುಡ್ಡೆಗಳನ್ನು ಒಟ್ಟಿದ್ದಳು. ನಾನು ಬಗ್ಗಿ ನೋಡಿದರೆ ಅದರಲ್ಲಿ ಹತ್ತಕ್ಕೆ ಎರಡು ಕುರುವಿಂದ! ಆರು ಮುಖಗಳು ತಿದ್ದಿದಂತಿದ್ದವು. “ಏನ್ ಮೇಷ್ಟ್ರೆ, ಏನ್ ಕಳಕೊಂಡ್ರಿ?” ಎಂದು ಕೇಳಿದಳು. ಕಲ್ಲು ಹುಡುಕುತ್ತಿದ್ದೇನೆಂದಾಗ ನಕ್ಕು, “ಹುಡ್ಕೋದ್ಯಾಕೆ? ಮೊಳಕೆ ಬಂದಂಗೆ ವರ್ಷಾ ವರ್ಷಾ ಬತ್ತವೆ. ತಕ್ಕೊಂಡೋಗಿ, ಕಳೆ ಕಿತ್ತಂಗಾಯ್ತದೆ” ಎಂದಳು. ನಾನು ಮೇಷ್ಟರಲ್ಲವೆ? ಕಲ್ಲು ಬೆಳೆಯುವುದಿಲ್ಲವೆಂದೂ, ಮಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗುವುದರಿಂದ ಅಡಿಯಲ್ಲಿದ್ದ ಕಲ್ಲು ಮೇಲೆ ಕಾಣಿಸುವುದೆಂದೂ ವಿವರಿಸಿದೆನು. ಆಕೆ ಸ್ವಲ್ಪ ಹೊತ್ತು ಕೆಳಗಿನ ಹಳ್ಳದ ಕಡೆಗೆ ನೋಡಿ, “ಅಂಗಾರೆ ಆ ಮಣ್ಣೆಲ್ಲ ಎಲ್ಲೋಯ್ತು?” ಎಂದಳು. ನಾನು ಕಲ್ಲುಗಳನ್ನು ಚೀಲಕ್ಕೆ ತುಂಬುವುದರಲ್ಲಿದ್ದೆನು. ಆ ಪ್ರಶ್ನೆಗೆ ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಮೂರು ವರ್ಷ ಆ ಹೊಲಕ್ಕೆ ಹೋಗುತ್ತಿದ್ದೆನು. ಹಿತ್ತಲಿನ ಸೀಬೆಹಣ್ಣು ಆಕೆಗೆ, ಕಲ್ಲು ನನಗೆ, ಹೀಗೆ ವ್ಯವಹಾರ. ನನ್ನ ಪೆಟ್ಟಿಗೆಯು ತುಂಬಿತು. ತುಂಬಿದಂತೆ ತೋರಿಸಿಕೊಳ್ಳುವ ಆಸೆಯೂ ತುಂಬಿತು. ಅಪರಿಗ್ರಹವೆಂಬುದನ್ನು ಯೋಗಶಾಸ್ತ್ರದಲ್ಲಿ ಪಾಠ ಹೇಳಿಸಿಕೊಂಡವನು ನಾನು. ಕಲ್ಲಿನ ಚೂರಿಗೆ ಹತ್ತಿ ಹಾಸಿ ಚೀಟಿ ಅಂಟಿಸುವುದನ್ನು ಗುರುಗಳು ಕಂಡಿದ್ದರೆ ಏನೆನ್ನುತ್ತಿದ್ದರೋ! 1998ರ ಬೇಸಗೆಯಲ್ಲಿ ಒಬ್ಬ ತರುಣನು ಮನೆಗೆ ಬಂದನು. ವಿನಯದ ಮಾತು, ಕೈಯಲ್ಲಿ ಭೂತಕನ್ನಡಿ. ತಾನು ಶಿಲೆಗಳನ್ನು ಅಭ್ಯಾಸ ಮಾಡುವವನೆಂದು ಹೇಳಿದನು. ಒಂದೊಂದು ಕಲ್ಲನ್ನೂ ನೋಡಿ ತಲೆದೂಗಿದನು. ಈ ಜಿಲ್ಲೆಯಲ್ಲಿ ಇಂಥ ಸಂಗ್ರಹವನ್ನು ಕಂಡಿಲ್ಲವೆಂದನು. ಆ ಒಂದು ಮಾತು ಸಾಕಾಯಿತು. ನಾನೇ ಕಾಗದದ ಮೇಲೆ ದಾರಿಯನ್ನು ಬರೆದು, ಆಲದ ಮರವನ್ನೂ ಹಳ್ಳವನ್ನೂ ಗುರುತಿಸಿ, ಬದುವಿಗೆ ಒಂದು ಗೆರೆ ಎಳೆದು ಕೊಟ್ಟೆನು.

ಮುಂಗಾರು ಕಳೆದ ಮೇಲೆ ನಾನು ಆ ಊರಿಗೆ ಹೋದಾಗ ಹೊಲದ ಗುರುತು ಸಿಕ್ಕಲಿಲ್ಲ. ಮೇಲುಬದುವನ್ನು ಉದ್ದಕ್ಕೂ ಸೀಳಿದ್ದರು. ಆಳುದ್ದದ ಗುಂಡಿಗಳು ಏಳೆಂಟು. ಬದು ಒಡೆದ ಕಡೆಯಿಂದ ನುಗ್ಗಿದ ನೀರು ಹೊಲದ ನಡುವೆ ಕೊರಕಲು ಮಾಡಿ, ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ಒಯ್ದಿತ್ತು. ಯಾರೋ ನಾಲ್ಕು ಜನ ರಾತ್ರಿಯ ಹೊತ್ತಿನಲ್ಲಿ ದೀಪ ಹಿಡಿದು ಅಗೆದರೆಂದು ಊರಿನವರು ಹೇಳಿದರು. ಆ ತರುಣನೇ ಬಂದಿದ್ದನೋ, ಅವನಿಂದ ಕೇಳಿದವರು ಬಂದಿದ್ದರೋ ನಾನರಿಯೆ. ನನ್ನ ಕಾಗದವಂತೂ ಬಂದಿತ್ತು.

ಅಜ್ಜಿಯು ನನ್ನನ್ನು ಬೈಯಲಿಲ್ಲ. ನಾನೇ ಹೇಳಿಕೊಂಡೆನು, ಇಲ್ಲದಿದ್ದರೆ ಆಕೆಗೆ ತಿಳಿಯುತ್ತಲೂ ಇರಲಿಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲ್ಲು ಹೋದ್ರೆ ಹೋಯ್ತು ಮೇಷ್ಟ್ರೆ. ಬದ ಹೋಯ್ತಲ್ಲ” ಎಂದಳು. ದುಡ್ಡು ಕೊಡಹೋದೆನು. “ದುಡ್ಡು ಯಾರಿಗೆ ಬೇಕು, ಬದ ಕಟ್ಟಿಸ್ಕೊಡಿ” ಎಂದಳು. ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ದಸರೆಯ ರಜದಲ್ಲಿ ಐದು ದಿನ ಬದುವನ್ನು ಕಟ್ಟಿದೆವು. ಹಿಂದೆ ಇದ್ದಂತೆ ಆಗಲಿಲ್ಲ. ಹಳೆಯ ಬದುವಿನಲ್ಲಿ ಆಕೆಯ ಅತ್ತೆಯ ಕಾಲದಿಂದ ಬೇರೂರಿದ ಹುಲ್ಲಿತ್ತು. ನಮ್ಮದು ಬರಿಯ ಮಣ್ಣು. ಆ ವರ್ಷ ಆಕೆಗೆ ಬಂದ ರಾಗಿ ಎಷ್ಟೆಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನನ್ನ ತಪ್ಪು ಯಾವ ಜಾತಿಯದು? ಇದನ್ನು ಬಹುದಿನ ಯೋಚಿಸಿದ್ದೇನೆ. ಕಳವೆ? ಕಲ್ಲನ್ನು ಆಕೆಯೇ ಕೊಟ್ಟಳು. ಹಾಗಿದ್ದರೂ ಧರ್ಮಶಾಸ್ತ್ರವನ್ನು ತೆರೆದು ನೋಡಿದೆನು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಮರಗಳ ಬೇರು ಹಣ್ಣುಗಳನ್ನೂ, ಅಗ್ನಿಕಾರ್ಯಕ್ಕೆ ಸೌದೆಯನ್ನೂ, ಹಸುವಿಗೆ ಹುಲ್ಲನ್ನೂ ತೆಗೆದುಕೊಳ್ಳುವುದು ಕಳವಲ್ಲವೆಂದು ಹೇಳಿದೆ. ಚಿಕ್ಕಂದಿನಲ್ಲಿ ಈ ಮಾತನ್ನು ಕಂಠಸ್ಥ ಮಾಡುವಾಗ ಕಾಣದಿದ್ದ ಒಂದು ಸಂಗತಿಯು ಆಗ ಕಂಡಿತು: ಆ ಪಟ್ಟಿಯಲ್ಲಿರುವುದೆಲ್ಲ ಮತ್ತೆ ಚಿಗುರುವಂಥದು. ಕಲ್ಲು ಅದರಲ್ಲಿಲ್ಲ. ಸ್ಮೃತಿಕಾರನು ಅದನ್ನು ಯೋಚಿಸಿಯೇ ಬಿಟ್ಟನೆಂದು ವಾದಿಸಲಾರೆ. ಅದು ವ್ಯಾಖ್ಯಾನದ ಸಾಹಸವಾದೀತು. ಆದರೂ ಅಜ್ಜಿಯು ಕಲ್ಲು ಮೊಳೆಯುವುದೆಂದು ತಿಳಿದುಕೊಂಡಿದ್ದಳು, ಆದುದರಿಂದ ಉದಾರವಾಗಿ ಕೊಟ್ಟಳು. ಮೊಳೆಯುವುದಿಲ್ಲವೆಂದು ತಿಳಿದಿದ್ದ ನಾನು ಚೀಲ ತುಂಬಿಕೊಂಡೆನು. ಇದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ.

ಅದೇ ಅಧ್ಯಾಯದಲ್ಲಿ, ನೆಲದೊಳಗಿನ ಹಳೆಯ ನಿಧಿಗಳಲ್ಲಿಯೂ ಧಾತುಗಳಲ್ಲಿಯೂ ಅರ್ಧವು ರಾಜನಿಗೆ ಸಲ್ಲಬೇಕೆಂದಿದೆ. ಕಾರಣ, ಕಾಪಾಡುವವನು ಅವನು. ಕೌಟಿಲ್ಯನಂತೂ ಗಣಿಗಳಿಗೆ ಆಕರಾಧ್ಯಕ್ಷನೆಂಬ ಅಧಿಕಾರಿಯನ್ನೇ ಇಟ್ಟನು. ಈಗಿನ ಕಾಯಿದೆಯು 1957ರದು. ಗಣಿ ಕೆಲಸವನ್ನು ಅಪ್ಪಣೆಯಿಲ್ಲದೆ ಯಾರೂ ಮಾಡಕೂಡದು. ನೆಲದಡಿಯ ಖನಿಜವು ಯಾರದೆಂಬ ಪ್ರಶ್ನೆಗೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ, ಬೇರೆ ಕಾನೂನಿನಿಂದ ಆ ಹಕ್ಕು ತಪ್ಪದ ಹೊರತು ಸಾಮಾನ್ಯವಾಗಿ ಅದು ಭೂಮಿಯ ಒಡೆಯನದೇ ಎಂದು ಹೇಳಿತು. ಇವೆಲ್ಲವೂ ಕಲ್ಲು ಯಾರದೆಂಬುದನ್ನು ನಿರ್ಣಯಿಸುತ್ತವೆ. ನನ್ನ ಪ್ರಶ್ನೆಯನ್ನು ಇವು ಮುಟ್ಟುವುದಿಲ್ಲ. ನಾನು ಆ ತರುಣನಿಗೆ ಕಲ್ಲನ್ನು ಕೊಡಲಿಲ್ಲ, ತಿಳಿವಳಿಕೆಯನ್ನು ಕೊಟ್ಟೆನು. ತಿಳಿವಳಿಕೆಯನ್ನು ಕೊಡುವುದು ಮೇಷ್ಟರ ವೃತ್ತಿ. ಕೊಟ್ಟಷ್ಟೂ ಬೆಳೆಯುವ ಧನವದೆಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿದವನು ನಾನು. ಅದೇ ಧನವು ಒಂದು ಮುದುಕಿಯ ಹೊಲವನ್ನು ತಿಂದಿತು.

ಇಲ್ಲಿ ನ್ಯಾಸ, ನಿಕ್ಷೇಪ ಎಂಬ ಹಳೆಯ ಮಾತುಗಳು ನನ್ನ ನೆರವಿಗೆ ಬಂದುವು. ಒಬ್ಬನು ನಂಬಿ ಇಟ್ಟುಹೋದ ಒಡವೆಯು ನಮ್ಮ ಪೆಟ್ಟಿಗೆಯಲ್ಲಿದ್ದರೂ ನಮ್ಮದಲ್ಲ. ಅಜ್ಜಿಯು ಕಲ್ಲನ್ನು ನನಗೆ ದಾನವಾಗಿ ಕೊಟ್ಟಳು. ತಾವನ್ನು ಮಾತ್ರ ನಿಕ್ಷೇಪವಾಗಿ ಇಟ್ಟಳು. ಆಕೆಯು ಹಾಗೆಂದು ಹೇಳಲಿಲ್ಲವೆಂಬುದು ನಿಜ. ಯಾರು ತಾನೆ ಹೇಳುತ್ತಾರೆ? ನೆರೆಯವರು ಬೀಗದ ಕೈಯನ್ನು ನಮ್ಮ ಮನೆಯಲ್ಲಿಟ್ಟು ಊರಿಗೆ ಹೋಗುವಾಗ, ದಾರಿಹೋಕರಿಗೆ ಕೊಡಬೇಡಿರೆಂದು ಹೇಳಿ ಹೋಗುವರೆ?

ಇಷ್ಟಕ್ಕೆ ನಿಂತಿದ್ದರೆ ವಿಷಯವು ಸುಲಭವಾಗುತ್ತಿತ್ತು. ಯಾರಿಗೂ ಯಾವ ತಾವನ್ನೂ ಹೇಳದಿದ್ದರಾಯಿತು. ಆದರೆ ಮೊದಲು ಕುರುವಿಂದವನ್ನು ತಂದ ಆ ಹುಡುಗನೇ ನನ್ನನ್ನು ಹಾಗಿರಗೊಡಲಿಲ್ಲ. ಆತನು ಮುಂದೆ ಭೂವಿಜ್ಞಾನವನ್ನು ಓದಿ ಆ ಕೆಲಸದಲ್ಲಿಯೇ ಇದ್ದಾನೆ. ಒಮ್ಮೆ ಮನೆಗೆ ಬಂದು ನನ್ನ ಪೆಟ್ಟಿಗೆಯನ್ನು ನೋಡಿದನು. ಹೊಲದ ಘಟನೆಯ ಮೇಲೆ ನಾನು ಚೀಟಿಗಳಿಂದ ಊರಿನ ಹೆಸರುಗಳನ್ನೆಲ್ಲ ಹರಿದುಹಾಕಿದ್ದೆನು. ಆತನು ಬೇಸರಪಟ್ಟು, “ಸಾರ್, ಇವು ಇನ್ನು ಬರೀ ಕಲ್ಲು. ಎಲ್ಲಿಂದ ಬಂದ್ವು ಅಂತ ಗೊತ್ತಿಲ್ಲದ ಕಲ್ಲಿನಿಂದ ಏನೂ ತಿಳಿಯೋಕಾಗಲ್ಲ” ಎಂದನು. ಮಾತು ನಿಜ. ಪಕ್ಕದಲ್ಲಿ ಯಾವ ಬಂಡೆಯಿತ್ತು, ಪದರವು ಯಾವ ದಿಕ್ಕಿಗೆ ಬಾಗಿತ್ತು ಎಂಬುದಿಲ್ಲದೆ ಕಲ್ಲು ಮೂಕ. ಸಂದರ್ಭದಿಂದ ಕಿತ್ತ ಶ್ಲೋಕದ ಪಾಡೂ ಇದೇ ಅಲ್ಲವೆ? ಅಷ್ಟೇ ಅಲ್ಲದೆ, ನನಗೆ ದಾರಿ ತೋರಿಸಿದ್ದು ಯಾವುದು? ಮೈಸೂರು ಸಂಸ್ಥಾನವು 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಅದರ ಅಧಿಕಾರಿಗಳು ಹಳ್ಳಿಹಳ್ಳಿಯನ್ನು ಸುತ್ತಿ ಊರಿನ ಹೆಸರು ಸಮೇತ ಬರೆದಿಟ್ಟ ವರದಿಗಳನ್ನು ಓದಿಯೇ ನಾನು ಮೊದಲ ಹೆಜ್ಜೆಗಳನ್ನಿಟ್ಟೆನು. ನುಗ್ಗೇಹಳ್ಳಿಯ ಸೀಮೆಯ ಬೈರಾಪುರದಲ್ಲಿ ಕ್ರೋಮಿನ ಅದಿರಿದೆಯೆಂಬುದು ಯಾರೋ ಹೇಳದೆ ಮುಚ್ಚಿಟ್ಟಿದ್ದರೆ ಗಣಿಯೆಲ್ಲಿಯದು? ಅಂದು ಬರೆದವರ ಉಪಕಾರವನ್ನು ಉಂಡು ಇಂದು ನಾನು ಬಾಯಿಮುಚ್ಚಿಕೊಳ್ಳುವುದು ನ್ಯಾಯವೆ?

ಹೇಳದಿರುವುದೇ ಪಾಪವಾಗುವ ಸಂದರ್ಭವೂ ಉಂಟು. ಜಿಲ್ಲೆಯ ಕೆಲವು ಕಡೆ ಕಲ್ನಾರು ಕಾಣಸಿಗುವುದು. ಕಲ್ಲಾಗಿದ್ದೂ ನೂಲಿನಂತೆ ಎಳೆ ಬಿಡುವ ಅದನ್ನು ನಾನು ತರಗತಿಗೆ ತಂದು, ಹುಡುಗರ ಕೈಯಲ್ಲಿ ಕೊಟ್ಟು, ಬೆರಳಿನಿಂದ ಹಿಂಜಿಸಿ ಬೆರಗುಗೊಳಿಸಿದ್ದೇನೆ. ಆ ಎಳೆಯ ಧೂಳು ಉಸಿರಿನಲ್ಲಿ ಹೋಗಿ ಶ್ವಾಸಕೋಶದಲ್ಲಿ ನೆಟ್ಟು, ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರನ್ನು ತರಬಲ್ಲುದೆಂಬುದು ವೈದ್ಯರಿಗೆ ಆಗಲೇ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಂಥ ತಾವುಗಳನ್ನು ಈಗ ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಒಡೆಯಬೇಡಿ, ಹಿಂಜಬೇಡಿ, ಮಕ್ಕಳ ಕೈಗೆ ಕೊಡಬೇಡಿ ಎನ್ನುತ್ತೇನೆ.

ಇನ್ನೊಂದು ಆಕ್ಷೇಪವನ್ನು ಸ್ನೇಹಿತರೊಬ್ಬರು ತಂದರು. ಊರ ಮುಂದಿನ ಇಡೀ ಗುಡ್ಡವನ್ನೇ ಸಿಡಿಮದ್ದಿಟ್ಟು ಜಲ್ಲಿ ಮಾಡಲು ಅಪ್ಪಣೆ ದೊರೆಯುವ ಕಾಲದಲ್ಲಿ, ನೀವು ಅಡಿಕೆಯಷ್ಟು ಕಲ್ಲಿಗಾಗಿ ಧರ್ಮಸೂಕ್ಷ್ಮವನ್ನು ವಿಚಾರಿಸುವುದು ಹಾಸ್ಯಾಸ್ಪದವಲ್ಲವೆ ಎಂದರು. ಗುಡ್ಡ ಹೋಗುತ್ತಿರುವುದು ನಿಜ. ಅದು ನನ್ನನ್ನೂ ನೋಯಿಸುವುದು. ಆದರೆ ಗುಡ್ಡಕ್ಕೆ ಲೆಕ್ಕ ಕೇಳುವ ಕಚೇರಿಯಾದರೂ ಒಂದಿದೆ. ಅಜ್ಜಿಯ ಬದುವಿಗೆ ಯಾವ ಕಚೇರಿ? ಅಲ್ಲಿ ಕಾವಲಿದ್ದುದು ನನ್ನ ನಾಲಗೆಯೊಂದೇ.

ಆದುದರಿಂದ ಈಗ ನಾನು ಅನುಸರಿಸುವುದು ಪೂರ್ತಿಯಾಗಿ ಹೇಳುವುದೂ ಅಲ್ಲ, ಮುಚ್ಚುವುದೂ ಅಲ್ಲದ ಒಂದು ಅಡ್ಡದಾರಿ. ಇದು ಸರಿಯೆಂದು ಹಟ ಹಿಡಿಯಲಾರೆ. ಚೀಟಿಗಳನ್ನು ನೆನಪಿನಿಂದ ಮತ್ತೆ ಬರೆದು, ಊರು, ಹೊಲ, ದಿಕ್ಕುಗಳನ್ನೆಲ್ಲ ಸೇರಿಸಿ ಆ ಶಿಷ್ಯನ ವಶಕ್ಕೆ ಕೊಟ್ಟಿದ್ದೇನೆ. ವಿದ್ಯೆಗೆ ಬೇಕಾದದ್ದು ಅಲ್ಲಿದೆ. ಹಾದಿಯಲ್ಲಿ ಕೇಳುವವರಿಗೆ ರಸ್ತೆಯ ಕಡಿತವನ್ನೂ ನಾಲೆಯ ಗುಡ್ಡೆಯನ್ನೂ ತೋರಿಸುತ್ತೇನೆ. ಅಲ್ಲಿಯ ಕಲ್ಲನ್ನು ನಾವು ಹೆಕ್ಕದಿದ್ದರೆ ಅದು ಗುಂಡಿ ಮುಚ್ಚಲು ಹೋಗುವುದು, ಹೆಕ್ಕಿದರೆ ಉಳಿಯುವುದು. ಯಾರದಾದರೂ ಹೊಲದ ಸಂಗತಿಯಾದರೆ, ಹೊಲದವರ ಹೆಸರನ್ನು ಹೇಳಿ, ಅವರನ್ನೇ ಕೇಳಿರೆನ್ನುತ್ತೇನೆ. ಹೊಲವನ್ನು ಮಾತ್ರ ಹೇಳುವುದಿಲ್ಲ. ಕೇಳಲು ಹೋಗುವಷ್ಟು ತಾಳ್ಮೆಯಿಲ್ಲದವನು ಅಲ್ಲಿಗೇ ನಿಲ್ಲುವನು. ಈ ಲೇಖನದಲ್ಲಿ ಆ ಊರಿನ ಹೆಸರಿಲ್ಲದಿರುವುದನ್ನು ವಾಚಕರು ಗಮನಿಸಿರಬಹುದು.

ಕಳೆದ ವರ್ಷ ಅಜ್ಜಿಯ ಮೊಮ್ಮಗನು ನನ್ನನ್ನು ಹುಡುಕಿಕೊಂಡು ಬಂದನು. ಆಕೆಯು ತೀರಿಕೊಂಡು ಹತ್ತು ವರ್ಷಕ್ಕೆ ಹತ್ತಿರವಾಗಿದೆ. ಆತನು ಮಣ್ಣೆತ್ತುವ ಯಂತ್ರವನ್ನು ನಡೆಸುವ ಕೆಲಸದಲ್ಲಿದ್ದು, ಈಗ ಊರಿಗೆ ಹಿಂತಿರುಗಿದ್ದಾನೆ. “ತಾತ, ನಮ್ಮ ಹೊಲದಲ್ಲಿ ಕೆಂಪು ಕಲ್ಲು ಸಿಗ್ತದಂತೆ. ಎಲ್ಲಿ ಅಂತ ನಿಮಗೊಬ್ಬರಿಗೇ ಗೊತ್ತಂತೆ. ಅಜ್ಜಿ ನಮಗೇನೂ ಹೇಳ್ಲಿಲ್ಲ” ಎಂದನು. ಯಂತ್ರವನ್ನು ನಡೆಸುವವನು! ನನ್ನ ಎದೆ ಹೊಡೆದುಕೊಂಡಿತು. ಆದರೆ ನಿಕ್ಷೇಪವನ್ನು ಇಟ್ಟವರ ಮನೆಯವನೇ ಬಾಗಿಲಲ್ಲಿ ನಿಂತು ಕೇಳುವಾಗ ಇಲ್ಲವೆನ್ನಲು ನಾನು ಯಾರು? ಏನು ಮಾಡುವೆಯೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇಬ್ಬರೂ ಸಂಜೆ ಹೊಲಕ್ಕೆ ಹೋದೆವು. ನಾವು ಅಂದು ಕಟ್ಟಿದ ಬದುವಿನ ಮೇಲೆ ಹುಲ್ಲು ಹಿಡಿದಿತ್ತು. ಕೊರಕಲು ಮಾತ್ರ ಇನ್ನೂ ಹಾಗೆಯೇ ಇದೆ. ರಾಗಿಯ ಸಾಲುಗಳು ಅದನ್ನು ಬಳಸಿಕೊಂಡು ಹೋಗುತ್ತವೆ. ನಾನು ಮೇಲುಬದುವಿನ ಬುಡವನ್ನು ಕೋಲಿನಿಂದ ತೋರಿಸಿ, ಕಲ್ಲಿರುವುದು ಇದರ ಕೆಳಗೆ ಎಂದೆನು. 1998ರಲ್ಲಿ ನಡೆದುದನ್ನೂ, ಕಾಗದದ ಸಂಗತಿಯನ್ನೂ, ಅಜ್ಜಿಯು ಹೇಳಿದ ಮಾತನ್ನೂ ಒಂದನ್ನೂ ಬಿಡದೆ ಹೇಳಿದೆನು. ಆತನು ಕೊರಕಲಿನ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದನು. ಆಮೇಲೆ ಕಾಲಿನ ಬಳಿ ಬಿದ್ದಿದ್ದ ಆರುಮುಖದ ಒಂದು ಚೂರನ್ನು ಎತ್ತಿ, ಅಂಗಿಗೆ ಒರಸಿ, ಬೆಳಕಿಗೆ ಹಿಡಿದು, “ಇದಕ್ಕೆ ಏನ್ ಕೊಡ್ತಾರೆ ತಾತ?” ಎಂದನು. ಇಂಥದಕ್ಕೆ ಹೆಚ್ಚೇನೂ ಕೊಡಲಾರರು, ಕುಡುಗೋಲು ಮಸೆಯಲು ಒಳ್ಳೆಯದು ಎಂದೆನು. ಆತನು ಅದನ್ನು ಜೇಬಿಗೆ ಹಾಕಿಕೊಂಡು, ಬದು ಎಲ್ಲೆಲ್ಲಿ ಕುಸಿದಿದೆಯೆಂದು ನೋಡುತ್ತ ಮುಂದಕ್ಕೆ ನಡೆದನು.